ಬರ್ಲಿ, ಬರ್ಲಿ

ಷೋರೂಮಿನ ಗಾಜಿನ ಬಾಗಿಲೊಳಗೆ
ಟೊಮೇಟೊ ಬಾಕ್ಸು ಹೊತ್ತು ಹೋದವನು
ಕೋಲಾರದಲ್ಲಿ ನಾನೊಬ್ಬನೇ ಇರಬೇಕು.
ಖಾಲಿ ಬಾಕ್ಸು. ನೀಲಿ. ಒಂದು ಮೂಲೆ ಸೀಳಿದ್ದು.
ಚಪ್ಪಲಿ ಬಿಡಬೇಕಾ ಅಂತ ಕೇಳಿದೆ.
ಬೇಡ ಸಾರ್, ಅಂದಳು ಭಾರ್ಗವಿ, ನರಸಾಪುರದ ಹುಡುಗಿ.
ಸಾರ್ ಅನ್ನಿಸಿಕೊಂಡ ಕುತ್ತಿಗೆ ತಾನೇ ನೆಟ್ಟಗಾಯಿತು.

ಬಾಡಿ ಎಂಟಡಿಯದೋ, ಒಂಬತ್ತಡಿಯದೋ?
ಅವಳ ಕೈಯಲ್ಲಿ ಟ್ಯಾಬು, ನನ್ನ ಕೈಯಲ್ಲಿ ಬಾಕ್ಸು.
ನಿಲ್ಲಿಸಿದ್ದ ಗಾಡಿಯ ಬೆನ್ನು ಹತ್ತಿ
ಬಾಕ್ಸಿಟ್ಟು, ಸೀಮೆಸುಣ್ಣದ ಗೀಟೆಳೆದು, ಮುಂದಕ್ಕಿಟ್ಟು
ಒಕಟಿ, ರೆಂಡು, ಮೂಡು ಅಂತ ಎಣಿಸಿದೆ.
(ಮಂಡಿ ಲೆಕ್ಕ ನನಗೆ ತೆಲುಗಿನಲ್ಲೇ ಬರೋದು,
ಕನ್ನಡದಲ್ಲಿ ಎಣಿಸಿದರೆ ಒಂದು ತಪ್ಪುತ್ತದೆ.)
ಒಂಬತ್ತಡಿಗೆ ಐದು ಸಾಲು ಕೂತು ಮೇಲೊಂದು ಗೇಣು.
ಎಂಟಡಿಗೆ ನಾಲ್ಕೂ ಮುಕ್ಕಾಲು.
ಮುಕ್ಕಾಲು ಬಾಕ್ಸಿಗೆ ಯಾರಮ್ಮ ಬಾಡಿಗೆ ಕೊಡ್ತಾರೆ?
ಒಂಬತ್ತೇ ಬರ್ಕೊ.

ಏಸಿ? ಬೇಡ.
ಹನ್ನೊಂದು ವರ್ಷ ಓಡಿಸಿದ ನಾಗೋಜಿರಾಯರ ಗಾಡಿಯಲ್ಲಿ
ಎಡಗಡೆ ಗಾಜು ಇಳಿದದ್ದು ಮತ್ತೆ ಏಳಲೇ ಇಲ್ಲ,
ಅದೇ ನಮ್ಮ ಏಸಿ.
ಪವರ್ ಸ್ಟೀರಿಂಗು? ಅದನ್ನು ನನ್ನ ಬಲಭುಜ ಕೇಳು,
ಬೇಕು ಅಂತದೆ.
ಹಾಡಿನ ಸೆಟ್ಟು?
ಬೇಡ, ಅಂದೆ. ಸ್ವಲ್ಪ ತಡೆದು ಅಂದೆ.
ಬಣ್ಣ? ಟೊಮೇಟೊ ರಸ ಯಾವುದರಲ್ಲಿ ಕಾಣಲ್ಲ?
ಕಂದು ಸಾರ್, ಆದ್ರೆ ಎರಡು ತಿಂಗಳು ಕಾಯಬೇಕು.
ಹಾಗಾದ್ರೆ ಬಿಳಿ. ಕಂಡರೆ ಕಾಣಲಿ.

ಒಂದೊಂದು ಬೇಡಕ್ಕೂ
ಕೆಳಗಿನ ಮೊತ್ತ ಒಂದೊಂದು ಮೆಟ್ಟಿಲು ಇಳಿಯುತ್ತಿತ್ತು.

ರಿವರ್ಸ್ ಕ್ಯಾಮೆರಾ...
ಇದನ್ನ ಪಿಕಪ್ಪಿಗೆ ಯಾರೂ ಹಾಕ್ಸಲ್ಲ ಸಾರ್,
ಅವಳೇ ಬೆರಳು ಜಾರಿಸಿ ಮುಂದೆ ಹೋದಳು.
ತಡಿಯಮ್ಮ, ಅಂದೆ. ಹಿಂದಕ್ಕೆ ಬಾ.

ಬೆಳಗಿನ ನಾಲ್ಕು ಗಂಟೆ. ಮಂಡಿಯಲ್ಲಿ ಲೈಟಿಲ್ಲ.
ಕಟ್ಟೆಗೆ ಬೆನ್ನು ಕೊಡಲು ಕೊಸರಾಡುವ ಗಾಡಿಗಳು.
ನನ್ನ ಹಿಂದೆ ಚಾಂದ್ ಪಾಷ.
ಬರ್ಲಿ, ಬರ್ಲಿ, ಬರ್ಲಿ.
ತಗಡಿಗೆ ಅಂಗೈಯಿಂದ ಒಂದೇಟು ಅಂದರೆ ಇನ್ನೊಂದಡಿ,
ಎರಡೇಟು ಅಂದರೆ ನಿಲ್ಲು.
ಅಷ್ಟು ವರ್ಷ ಕನ್ನಡಿ ಒರೆಸಿದವನಲ್ಲ ನಾನು,
ಅವನ ಅಂಗೈ ಇತ್ತು.
ಆವತ್ತು ಒಂದೇಟು ಬಿತ್ತು.
ಎರಡನೆಯದಕ್ಕೆ ಕಾದೆ.
ಕಾಯುತ್ತಲೇ ಕ್ಲಚ್ಚು ಬಿಟ್ಟೆ.
ಕಟ್ಟೆಯ ಕಲ್ಲಿಗೂ ಹಿಂದಿನ ಡೋರಿಗೂ ನಡುವೆ
ಅವನ ಎರಡು ಬೆರಳು.

ಹಾಕಮ್ಮ ಕ್ಯಾಮೆರಾ.
ಇಳಿದಿದ್ದ ಮೊತ್ತ ಮತ್ತೆ ಹತ್ತಿತು.
ಯಾಕೆ ಅಂತ ಅವಳು ಕೇಳಲಿಲ್ಲ.
ನಾನು ಬಾಕ್ಸಿನ ಸೀಳಿದ ಮೂಲೆ ಸವರುತ್ತಾ ಕೂತಿದ್ದೆ.

ಮಂಡಿ ಗೇಟಿನ ಟೀ ಅಂಗಡಿಯಲ್ಲಿ
ಬುಕಿಂಗ್ ಚೀಟಿ ಅವನಿಗೆ ಓದಿ ಹೇಳಿದೆ.
ಕ್ಯಾಮೆರಾ ಬಂದದ್ದೇ ಲೋಟ ಕೆಳಗಿಟ್ಟ.
'ನನ್ನ ಕೆಲಸ ಆ ಡಬ್ಬಿಗೆ ಕೊಟ್ಟೆ ಅನ್ನು, ಸೊಣ್ಣಪ್ಪ.'
ಇಲ್ವೋ, ನೀನು ಪಕ್ಕದ ಸೀಟಲ್ಲಿ ಕೂತ್ಕೊ,
ಅದನ್ನ ನೋಡ್ಕೊಂಡು ಬರ್ಲಿ ಬರ್ಲಿ ಅನ್ನು,
ಇನ್ನು ಆ ಕಟ್ಟೆ ಹತ್ರ ನಿಂತ್ಕೋಬೇಡ, ಅವತ್ತು ನಾನು...
ಉಳಿದ ಮೂರು ಬೆರಳು ಬೆಂಚಿನ ಮೇಲೆ
ಎರಡು ಸಲ ಬಡಿದವು.
ನಿಲ್ಲಿಸಿದೆ.

ಟೀ ಮುಗಿಸಿ ಕೇಳಿದ:
ಹಗ್ಗಕ್ಕೆ ಕೊಕ್ಕೆ ಎಷ್ಟು ಹೇಳಿದೀಯ?
ಕೊಕ್ಕೆ.
ಕೊಕ್ಕೆಯ ಮಾತೇ ಎತ್ತಿರಲಿಲ್ಲ ನಾನು.
'ಥೂ ನಿನ್ನ! ಲೋಡು ಕಟ್ಟೋಕೆ ಕೊಕ್ಕೆ ಇಲ್ಲ,
ಸಿನಿಮಾ ತೆಗ್ಯೋಕೆ ಕ್ಯಾಮೆರಾ ತಗೊಂಡವ್ನೆ!'
ಟೀ ಕಾಸು ಅವನೇ ಕೊಟ್ಟ. ಲುಂಗಿ ಕೊಡವಿಕೊಂಡ.
ಎಷ್ಟೊತ್ತಿಗೆ ಮುಚ್ತಾರೆ ಆ ಷೋರೂಮು, ನಡಿ.

ಗೋಣಿಚೀಲಗಳ ಸಂದಿಯಿಂದ
ಮೊಪೆಡ್ಡನ್ನು ಹಿಂದಕ್ಕೆ ತಳ್ಳುತ್ತಿದ್ದೆ.
ಅವನಾಗಲೇ ಹಿಂದೆ ನಿಂತು ಕೈಯೆತ್ತಿದ್ದ, ಬರ್ಲಿ, ಬರ್ಲಿ.
ಮೊದಲು ಈ ಕಡೆ ಬಾರೋ, ಅಂದೆ.
ಹತ್ತು.