ಬೆನ್ನ ಕಡೆಯಿಂದ

ಎಂಟೂಕಾಲಿಗೆ ಅರಸೀಕೆರೆ ಆಸ್ಪತ್ರೆಯ
ನೀರಿನ ಟ್ಯಾಂಕು ದಾಟಿ ಬಿಸಿಲು
ಕಾಂಪೌಂಡಿನ ಹೂವಿನ ಪಾತಿಗೆ ಇಳಿಯುತ್ತದೆ.
ಆ ಹೊತ್ತಿಗೆ ನಾನು ಮೊಣಕಾಲೂರಿ ಕೂತಿರುತ್ತೇನೆ,
ಸೀರೆಯ ಮೇಲೆ ಬಿಳಿ ಕೋಟು, ಕೋಟಿನಂಚಿಗೆ ಕೆಸರು,
ಕಂತಿನಲ್ಲಿ ಕೊಂಡ ಕ್ಯಾಮೆರಾ ಕಣ್ಣಿಗೊತ್ತಿಕೊಂಡು.

ನೀರು ಬಿಡುವ ಗಿಡ್ಡಮ್ಮನಿಗೆ ಇದು ಸರಿಬರುವುದಿಲ್ಲ.
"ಹೂವಿನ ಮಖ ಅತ್ಲಾಗೈತೆ ಮೇಡಂ,
ನೀವು ಬೆನ್ನು ತೆಗೀತಾ ಇದೀರ."

ಹೌದು ಗಿಡ್ಡಮ್ಮ. ಹತ್ತೊಂಬತ್ತು ವರ್ಷದಿಂದ
ನಾನು ತೆಗೆದದ್ದು ಬೆನ್ನ ಕಡೆಯಿಂದಲೇ.
ಎದೆಯ ಎಕ್ಸ್‌ರೇಗೆ ಬಂದವರನ್ನು ಗೋಡೆಯತ್ತ ತಿರುಗಿಸಿ
ಗದ್ದ ಮೇಲೆ, ಭುಜ ಮುಂದೆ, ಸರ ಬಾಯಲ್ಲಿ ಕಚ್ಕೊಳ್ಳಿ,
ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ...
ಊರಿನ ಅರ್ಧ ಜನರ ಮುಖ ನನಗೆ ನೆನಪಿಲ್ಲ.
ಪಕ್ಕೆಲುಬು ಕಂಡರೆ ಗುರುತು ಹಿಡಿದೇನು.

ಇಲ್ಲಿ ಉಸಿರು ಹಿಡಿಯಬೇಕಾದವಳು ನಾನು.
ಲೆನ್ಸು ಇಷ್ಟು ಹತ್ತಿರ ಹೋದರೆ
ಮೂಗಿನ ಗಾಳಿಗೇ ಕಾಸ್ಮಾಸ್ ಅಲುಗುತ್ತದೆ,
ಚೂಪಾಗಿದ್ದ ಗೆರೆ ಕದಡಿದ ಹಾಲಾಗುತ್ತದೆ.

ಎದುರಿನಿಂದ ದಾಸವಾಳ ಬರೀ ಕೆಂಪು.
ದೇವರಿಗೆ ಅಷ್ಟು ಸಾಕು.
ಬಿಸಿಲಿಗೆ ಅಡ್ಡ ಬಂದರೆ
ಕೆಂಪಿನೊಳಗೆ ಕವಲು, ಕವಲಿಗೆ ಕವಲು,
ರಾತ್ರಿಯೆಲ್ಲ ನೀರು ಹತ್ತಿದ ದಾರಿ;
ಎಸಳ ಮೇಲೆ ಎಸಳು ಮಲಗಿದಲ್ಲಿ ಗಾಢ,
ಒಂಟಿಯಾದಲ್ಲಿ ತೆಳು.
ಕರ್ಣಕುಂಡಲದ ದಂಟಂತೂ ಗಾಜಿನ ಕೊಳವೆ.

ಈಗ ನಮ್ಮ ರೂಮಿನಲ್ಲಿ ಕಂಪ್ಯೂಟರು.
ಫಿಲಮ್ಮು ಸಿಕ್ಕಿಸಿ ನೋಡುತ್ತಿದ್ದ ಬೆಳಕಿನ ಪೆಟ್ಟಿಗೆಯ ಮೇಲೆ
ಹಳೇ ರಿಜಿಸ್ಟರು ಪೇರಿಸಿದ್ದಾರೆ.
ಅದಕ್ಕೋ ಏನೋ, ಇಲ್ಲಿಗೆ ಬರುತ್ತೇನೆ.

ಓಂಕಾರಪ್ಪ ಆಗಲೇ ಬಂದು ಕಟ್ಟೆಯ ಮೇಲೆ ಕೂತಿದ್ದರು.
ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊರುವವರು.
ನಿನ್ನೆ ಸಂಜೆ ನಾನೇ ತೆಗೆದ ಫಿಲಮ್ಮು
ಕಂದು ಕವರಿನಲ್ಲಿ, ತೊಡೆಯ ಮೇಲೆ.
"ಏನಾರ ಕಾಣ್ತಾ ಮೇಡಂ?"
"ಡಾಕ್ಟ್ರು ಹೇಳ್ತಾರೆ."
ಈ ಎರಡು ಪದ ನನಗೆ ಸರ್ಟಿಫಿಕೇಟಿನ ಜೊತೆಗೇ ಸಿಕ್ಕಿದ್ದು.
ಬಲಗಡೆ, ಮೇಲ್ಭಾಗ, ನಾಕಾಣೆ ಅಗಲದ ಬಿಳಿ.
ನನಗೆ ಕಂಡಿದೆ. ನನ್ನ ಮುಖಕ್ಕೆ ಕಂಡಿಲ್ಲ.

ಬಿಸಿಲು ನೇರ ಲೆನ್ಸಿಗೆ ಹೊಡೆದು ಚಿತ್ರವೆಲ್ಲ ಮಂಜು.
ಅಡ್ಡ ಹಿಡಿಯಲು ಏನೂ ಇಲ್ಲ, ಗಿಡ್ಡಮ್ಮನ ಕೈಯಲ್ಲಿ ಪೈಪು.
ಓಂಕಾರಪ್ಪ ಎದ್ದು ಬಂದರು, ಕೇಳದೆ,
ಕವರನ್ನು ಸೂರಿನ ಹಾಗೆ ಕ್ಯಾಮೆರಾದ ಮೇಲೆ ಚಾಚಿದರು.
"ಹಿಂಗಾ?"
"ಇನ್ನೊಂಚೂರು ಕೆಳಕ್ಕೆ."
"ಉಸ್ರು ಹಿಡೀಲಾ?"

ಅವರ ಎದೆಯ ನೆರಳು ನನ್ನ ಕೈಮೇಲೆ ಬಿತ್ತು.
ದಾಸವಾಳ ತಟ್ಟನೆ ತಿಳಿಯಾಯಿತು.
ಬಲಗಡೆ, ಮೇಲ್ಭಾಗ,
ಒಂದು ಕಪ್ಪು ಚುಕ್ಕೆ.
ಅಲ್ಲಿ ಬಿಳಿ, ಇಲ್ಲಿ ಕಪ್ಪು; ಹೊಟ್ಟೆಗೆ ಆ ವ್ಯತ್ಯಾಸ ತಿಳಿಯದು,
ಅದು ತನ್ನ ಪಾಡಿಗೆ ತಣ್ಣಗಾಯಿತು.

ಚುಕ್ಕೆ ಸರಿಯಿತು.
ನಿಂತಿತು. ನರದ ಗುಂಟ ಮತ್ತೆ ನಡೆಯಿತು.
ಆರು ಕಾಲು.

"ಇರುವೆ" ಎಂದೆ, ಬೇಕಾದ್ದಕ್ಕಿಂತ ಜೋರಾಗಿ.
ಅವರು ಬಗ್ಗಿ ಕ್ಯಾಮೆರಾದ ಪರದೆ ನೋಡಿದರು.
"ಅದ್ಯಾಕ್ ಅಲ್ಲಿಗೋಯ್ತು, ಸಕ್ಕರೆ ಐತಾ?"
ನಕ್ಕರು. ನಗು ಕೆಮ್ಮಾಯಿತು,
ಕೆಮ್ಮಿಗೆ ಕವರು ಅಲುಗಿ, ಕವರಿನ ಗಾಳಿಗೆ ಹೂ ಅಲುಗಿ,
ಅದೇ ಗಳಿಗೆಗೆ ನನ್ನ ಬೆರಳು ಒತ್ತಿದ್ದು.
ಇರುವೆಯೂ ಇಲ್ಲ ಎಸಳೂ ಇಲ್ಲದ ಒಂದು ಕೆಂಪು ಬಂದಿದೆ.
ಅಳಿಸಿಲ್ಲ.

ಒಂಬತ್ತಕ್ಕೆ "ಟೋಕನ್ ಮೂರು" ಎಂದು ಕೂಗಿದರು.
ಅವರು ಕವರು ಕಂಕುಳಿಗೆ ಸೇರಿಸಿ
ಟ್ಯಾಂಕಿನ ಕಡೆಯ ಬಾಗಿಲಿಗೆ, ಬಿಸಿಲಿಗೆ ಎದುರಾಗಿ ನಡೆದರು.
ಬೆನ್ನು ನನಗೆ ಗೊತ್ತಿತ್ತು.
ಕಿವಿ ನೋಡಿರಲಿಲ್ಲ.
ಎರಡೂ ಕೆಂಪಗೆ, ತೆಳ್ಳಗೆ,
ಅಂಚಿನಲ್ಲಿ ಸಣ್ಣ ಸಣ್ಣ ಕವಲು.

ಕ್ಯಾಮೆರಾ ಕೆಳಗಿತ್ತು. ಎತ್ತಲಿಲ್ಲ.

"ಏಳಿ ಮೇಡಂ," ಗಿಡ್ಡಮ್ಮ ಪೈಪು ಎಳೆದಳು,
"ಕೋಟು ನೆನೀತೈತೆ."