ನಾನು ಎಂದರೆ ಅವನು

ಬೋರೋಸ್ ಊರಿನ ಮೂರನೇ ಮಹಡಿ, ಅಡುಗೆಮನೆಯ ಮೇಜು.
ಅರ್ಧ ಹೆಚ್ಚಿದ ಈರುಳ್ಳಿಯ ಪಕ್ಕ ಹೆಡ್‌ಫೋನು.
ಅಲ್ಲಿ ನನಗೆ ಹೆಸರಿಲ್ಲ, ಸಂಖ್ಯೆಯಿದೆ;
ನಿಮಿಷಕ್ಕಿಷ್ಟು ಎಂದು ಕೂಲಿ.

ನಿಯಮ ಮೊದಲೇ ಓದಿಬಿಡುತ್ತೇನೆ, ಎರಡೂ ಭಾಷೆಯಲ್ಲಿ:
ಕೇಳಿದ್ದನ್ನೆಲ್ಲ ದಾಟಿಸುವೆ, ಕೂಡಿಸೆನು, ಕಳೆಯೆನು,
ಹೊರಗೆ ಬಾಯಿ ಬಿಡೆನು.
ಅವನು ನಾನು ಎಂದರೆ ನಾನೂ ನಾನು ಎನ್ನುವೆ.

ಆ ಕಡೆ ಗೋಥೆನ್‌ಬರ್ಗಿನ ಕೋಣೆ. ಕುರ್ಚಿ ಕಿರುಗುಟ್ಟಿತು.
ಡಾಕ್ಟರಮ್ಮನ ದನಿಯಲ್ಲಿ ಅವಸರವಿಲ್ಲ, ದಣಿವಿದೆ.
ಹುಡುಗನ ಹೆಸರು ಹೇಳುವಂತಿಲ್ಲ;
ವಸಂತದ ಮೊದಲ ದಿನದ ಹೆಸರು, ಅಷ್ಟು ಸಾಕು.
ಕಡತದಲ್ಲಿ ಮಾತ್ರ ಹುಟ್ಟಿದ್ದು ಜನವರಿ ಒಂದು.
ನಮ್ಮವರಲ್ಲಿ ಅರ್ಧ ಜನ ಹುಟ್ಟಿರುವುದು ಅವತ್ತೇ,
ಯಾವನೋ ಗುಮಾಸ್ತನ ಪೆನ್ನಿನಿಂದ.

ಮೂಲ? ಎಂದು ಕೇಳುತ್ತದೆ ಫಾರಂ.
ಹುಟ್ಟಿದ್ದು ಇರಾನಿನ ಇಟ್ಟಿಗೆ ಭಟ್ಟಿಯ ಬದಿ,
ಅಲ್ಲಿ ಅಫ್ಘಾನಿ ಎಂದು ಬೈಸಿಕೊಂಡೆ.
ಅಪ್ಪನ ಊರು ಜಾಘೋರಿ, ಕಣ್ಣಲ್ಲಿ ಕಂಡವನಲ್ಲ.
ಇಲ್ಲಿ ಬಸ್ಸಿನ ಹುಡುಗರು ನನ್ನ ಕಣ್ಣು ನೋಡಿ ಚೀನಾ ಎನ್ನುತ್ತಾರೆ.
ಯಾವುದಕ್ಕೆ ಗುರುತು ಹಾಕಲಿ ನಾನು?
(ಗೊತ್ತಲ್ಲ, ಈ ನಾನು ಅವನು.)
ಇತರೆ, ಎಂದರು ಡಾಕ್ಟರಮ್ಮ.
ಇತರೆ, ಎಂದೆ.

ನಿದ್ದೆ? ಬರುವುದಿಲ್ಲ. ಊಟ? ಪರವಾಗಿಲ್ಲ.
ಒಂದರಿಂದ ಹತ್ತರಲ್ಲಿ ಬೇಸರ ಎಷ್ಟು?
ಬಹಳ ಹೊತ್ತು ಸುಮ್ಮನಿದ್ದ.
ಮೌನ ದಾಟಿಸುವುದಕ್ಕೆ ನಿಯಮವಿಲ್ಲ, ನಾನೂ ಸುಮ್ಮನಿದ್ದೆ.
ಆಮೇಲೆ ಹೇಳಿದ: ಜಿಗರ್‌ಖೂನ್ ಆಗಿದ್ದೇನೆ.

ನನ್ನ ಪಿತ್ತಕೋಶ ರಕ್ತವಾಗಿದೆ, ಎಂದೆ ಸ್ವೀಡಿಷಿನಲ್ಲಿ.
ಇದ್ದದ್ದು ಇದ್ದ ಹಾಗೆ.
ಕೀಲಿಮಣೆ ಟಕಟಕ. ಯಾವಾಗಿನಿಂದ ನೋವು? ಬಲಗಡೆಯೋ?
ಮಾತ್ರೆ ಏನಾದರೂ ನುಂಗಿದೆಯಾ? ರಕ್ತ ಪರೀಕ್ಷೆಗೆ ಬರೆಯುತ್ತೇನೆ.

ನನ್ನ ಅಜ್ಜಿ ಮೇಕೆ ಕಳೆದಾಗ ಜಿಗರ್‌ಖೂನ್ ಆದಳು,
ಮಗ ಸತ್ತಾಗಲೂ ಅದೇ ಮಾತು.
ಚಿಕ್ಕದಕ್ಕೂ ದೊಡ್ಡದಕ್ಕೂ ನಮ್ಮಲ್ಲಿ ಒಂದೇ ಪಾತ್ರೆ;
ಎಷ್ಟು ತುಂಬಿದೆ ಅಂತ ಪಕ್ಕದಲ್ಲಿ ಕೂತವರು ಬಗ್ಗಿ ನೋಡಬೇಕು.
ಫೋನಿಗೆ ಪಕ್ಕ ಎಂಬುದಿಲ್ಲ.

ದುಭಾಷಿಯ ಮಾತು, ಎಂದೆ. ನಿಯಮದಲ್ಲಿ ಅಷ್ಟು ಸಂದು ಇದೆ.
ನೋಯುತ್ತಿರುವುದು ಪಕ್ಕೆಯಲ್ಲ ಡಾಕ್ಟರೇ.
ಹತ್ತರಲ್ಲಿ ಎಷ್ಟು ಅಂತ ನನಗೂ ಹೇಳಲಾಗದು,
ಅವನನ್ನೇ ಕೇಳಿ.

ಟಕಟಕ ನಿಂತಿತು.
ಇನ್ನೊಮ್ಮೆ ಹೇಳುತ್ತೀಯಾ ಆ ಶಬ್ದ?
ಜಿಗಾರ್... ಕೂನ್? ಖ ಬರಲಿಲ್ಲ ಅವರಿಗೆ.
ಆ ಕಡೆಯಿಂದ ಒಂದು ಸದ್ದು, ಮೂಗಿನದೋ ಗಂಟಲಿನದೋ.
ನಕ್ಕನೋ ಅತ್ತನೋ ಇಲ್ಲಿಗೆ ತಿಳಿಯಲಿಲ್ಲ.
ಅದನ್ನು ಯಾವ ಭಾಷೆಗೂ ದಾಟಿಸಲಿಲ್ಲ ನಾನು.

ನಲವತ್ತೇಳು ನಿಮಿಷ. ಗುಂಡಿ ಒತ್ತಿದೆ.
ಈರುಳ್ಳಿ ಒಣಗಿತ್ತು, ಕಣ್ಣಿಗೆ ನೆಪವಾಗದಷ್ಟು.

ನನ್ನ ಮಗಳು ಪರ್ನಿಯಾನ್, ಹದಿನೈದು ತುಂಬಿದೆ.
ಶಾಲೆಯಿಂದ ಬಂದವಳೇ ಕೋಣೆ ಸೇರುತ್ತಾಳೆ,
ಕನಸು ಕನವರಿಕೆ ಎಲ್ಲ ಸ್ವೀಡಿಷಿನಲ್ಲಿ.
ಏನಾಯಿತೇ ಅಂದರೆ ಏನಿಲ್ಲ.
ಏನಿಲ್ಲ ಎಂಬುದೊಂದನ್ನು ಮಾತ್ರ ನಮ್ಮ ಭಾಷೆಯಲ್ಲಿ ಹೇಳುತ್ತಾಳೆ.
ಕೂಡಿಸದೆ ಕಳೆಯದೆ
ಎಷ್ಟು ದಿನ ಕೇಳಿಕೊಂಡೆ ಅದನ್ನು.

ಮುಚ್ಚಿದ ಬಾಗಿಲ ಮುಂದೆ ನಿಂತಿದ್ದೇನೆ.
ಇಲ್ಲಿಗೆ ಯಾವ ಸಂಖ್ಯೆಯನ್ನು ಕರೆಯುವುದು?
ಈರುಳ್ಳಿ ವಾಸನೆಯ ಕೈಯಿಂದ ಎರಡು ಸಲ ತಟ್ಟಿದೆ.
ನಾನು, ಎಂದೆ.

ಈ ಸಲ ನಾನೇ.