ರಸಮಟ್ಟ

ನಮ್ಮ ಪೀಣ್ಯದ ಶೆಡ್ಡಿನಲ್ಲಿ ಸಮುದ್ರ ಒಂಬತ್ತೂವರೆಗೆ ಶುರು,
ಕರೆಂಟಿದ್ದರೆ.
ಆರು ಹೈಡ್ರಾಲಿಕ್ ಕಾಲುಗಳ ಮೇಲೆ ಕಬ್ಬಿಣದ ಹಾಸು,
ಅದರ ಮೇಲೆ ಎರಡಾಳೆತ್ತರದ ರಾಕೆಟ್ಟು,
ಹೊಟ್ಟೆಯಲ್ಲಿ ಇಂಧನವಲ್ಲ, ಎಂ-ಸ್ಯಾಂಡು.
ನಾನು ನಾಬ್ ತಿರುಗಿಸುತ್ತೇನೆ: ಎರಡು ಮೀಟರಿನ ಅಲೆ,
ಎಂಟು ಸೆಕೆಂಡಿಗೊಂದು.
ರೇಚಣ್ಣನ ಟೀ ಲೋಟ ಜಾರಿ ಮೂಲೆ ಸೇರುತ್ತದೆ.

ಕಡಲು ಕಂಡವರು ಇಲ್ಲಿ ಕಡಿಮೆ.
ನಾನು ಓದಿದ್ದು ಯಶವಂತಪುರ ಸ್ಟೇಷನ್ನಿನ ಹಳದಿ ಬೋರ್ಡು:
ಸಮುದ್ರ ಮಟ್ಟದಿಂದ ಇಷ್ಟು ಮೀಟರ್ ಎತ್ತರ.
ಅಷ್ಟು ಮೇಲೆ ನಿಂತುಕೊಂಡು
ಆ ನೀರಿನ ಚಾಳಿ ಕಲಿಯುತ್ತಿದ್ದೇವೆ.

"ನೆಲ ಆದರೆ ನಿಂತಿರುತ್ತೆ," ಅಂತಾರೆ ನಫೀಸಾ ಮೇಡಂ,
"ಹಡಗು ಹೇಳಿದ ಮಾತು ಕೇಳಲ್ಲ.
ಎರಡು ಅಲೆ ನಡುವೆ ಒಂದು ಗಳಿಗೆ ಸಮ ಆಗುತ್ತೆ,
ಅಷ್ಟರಲ್ಲೇ ಬಿಡಬೇಕು."

ರಸಮಟ್ಟದ ಗುಳ್ಳೆ ನೋಡುತ್ತಾ ಕೂತಿದ್ದೇನೆ.
ಎಡಕ್ಕೆ. ಬಲಕ್ಕೆ. ಎಡಕ್ಕೆ.
ನಡುವೆ
ಹೋಯಿತು.
ಅಪ್ಪನದು ಇದು; ಗೋಡೆ ಕಟ್ಟುತ್ತಿದ್ದವನು,
ಗುಳ್ಳೆ ಅಲುಗಿದರೆ ಬೈಯುತ್ತಿದ್ದ.

ಸಂಜೆ ಏಳಕ್ಕೆ ಸಮುದ್ರ ಆಫ್.
ಜಾಲಹಳ್ಳಿ ಕ್ರಾಸಿನಲ್ಲಿ ನಿಂತರೂ ಕಾಲಡಿ ತೂಗುತ್ತಲೇ ಇದೆ.
ಬಸ್ಸು ಬಂತು. ನಿಲ್ಲಿಸಲಿಲ್ಲ,
ಸ್ಟಾಪು ದಾಟುವಾಗ ತುಸು ನಿಧಾನಿಸಿತು, ಅಷ್ಟೇ.
ಆ ಗಳಿಗೆ ನನಗೀಗ ಗೊತ್ತು.
ಹತ್ತಿದೆ.